ಚರ್ಮದಡಿಯ ಮರ

ಮರದಲ್ಲಿ ಮಾಡಿದ ಹಳೇ ಪುಟ್ಟ ಫಿಲ್ಮ್ ಕ್ಯಾಮೆರಾಗಳಲ್ಲಿ ಅಂಥದ್ದೇನಿದೆ, ಜನ ಯಾಕೆ ಇಷ್ಟು ಆಸೆಪಟ್ಟು ಕೂಡಿಡುತ್ತಾರೆ ಅಂತ ಕೇಳಿದ್ದೀರಿ. ನನ್ನ ಹತ್ತಿರ ನಂ. 2 ಬುಲ್ಸ್-ಐ ಕೊಡಕ್ ಅನ್ನುವ ಅಂಥದೊಂದು ಕ್ಯಾಮೆರಾ ಇದೆ. ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ನೋಡಲು ಕಪ್ಪು ಚರ್ಮದ ಡಬ್ಬಿ, ಅಷ್ಟೇ. ನಾನು ಕೊಂಡಾಗ ಒಂದು ಮೂಲೆಯಲ್ಲಿ ಚರ್ಮ ಎದ್ದಿತ್ತು. ಒಳಗಿನ ಮರ ಕಾಣಿಸಿತು. ಹಲಗೆ ಕೂಡಿಸಿದ ಸಂದಿನಲ್ಲಿ ಉಗುರೂ ಹೋಗುವುದಿಲ್ಲ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬಡಗಿ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಾನೆ. ನಾನು ಮನಸೋತದ್ದು ಅಲ್ಲೇ.

1888ರ ಮೊದಲ ಕೊಡಕ್ ಕೂಡ ಚರ್ಮ ಹೊದಿಸಿದ ಮರದ ಪೆಟ್ಟಿಗೆಯೇ. ಬೆಲೆ 25 ಡಾಲರ್. ದಾರ ಎಳೆದು ಷಟರ್ (ಕ್ಷಣಮಾತ್ರ ತೆರೆದು ಬೆಳಕು ಒಳಬಿಡುವ ಮುಚ್ಚಳ) ಸಿದ್ಧ ಮಾಡಬೇಕು. ಎರಡೂವರೆ ಇಂಚಿನ ದುಂಡು ಚಿತ್ರ 100 ಬರುತ್ತಿದ್ದವು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಕಂಪನಿಗೆ ಕಳಿಸಬೇಕು. 10 ಡಾಲರಿಗೆ ಪ್ರಿಂಟ್ ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸ್ ಕೊಡುತ್ತಿದ್ದರು. ಗಾಜಿನ ಪ್ಲೇಟು, ಸ್ಟ್ಯಾಂಡು ಹೊತ್ತು ಸುಸ್ತಾದವರಿಗೆ ಇದು ಎಷ್ಟು ಹಗುರ ಅನ್ನಿಸಿರಬೇಕು, ಅಲ್ವಾ?

ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಬುಲ್ಸ್-ಐ ಹಿಂಬದಿಯ ಪುಟ್ಟ ಕೆಂಪು ಕಿಟಕಿ. 1892ರಲ್ಲಿ ಬಾಸ್ಟನ್‌ನ ಸ್ಯಾಮ್ಯುಯೆಲ್ ಟರ್ನರ್ ಇದನ್ನು ತಂದರು. ಫಿಲ್ಮಿನ ಹಿಂದೆ ಕಪ್ಪು ಕಾಗದ, ಅದರ ಮೇಲೆ ಅಂಕಿ. ಕಿಟಕಿಯಲ್ಲಿ ಅಂಕಿ ಕಂಡರೆ ಮುಂದಿನ ಚಿತ್ರಕ್ಕೆ ತಯಾರು. ಕಾಗದದ ಮರೆ ಇದ್ದದ್ದರಿಂದ ಕತ್ತಲೆ ಕೋಣೆ ಇಲ್ಲದೆ ಹಗಲಲ್ಲೇ ಫಿಲ್ಮ್ ಹಾಕಬಹುದಾಯಿತು. ಆಗಿನ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಅದಕ್ಕೇ ಕಿಟಕಿ ಕೆಂಪು. 1895ರಲ್ಲಿ ಕೊಡಕ್ ಸ್ಥಾಪಿಸಿದ ಜಾರ್ಜ್ ಈಸ್ಟ್‌ಮನ್, ಟರ್ನರ್ ಅವರ ಕಂಪನಿಯನ್ನೇ ಕೊಂಡುಕೊಂಡರು.

ಬುಲ್ಸ್-ಐಗೆ ಹಾಕುವ ಫಿಲ್ಮ್ ಈಗ ಸಿಗುವುದಿಲ್ಲ. ಈಗಲೂ ಸಿಗುವ, ಅದಕ್ಕಿಂತ ಅಗಲ ಕಡಿಮೆಯ '120' ಅಳತೆಯ ಫಿಲ್ಮ್ ರೋಲಿನ ಎರಡೂ ತುದಿಗೆ ಮರದ ಬಿಲ್ಲೆ ಕೊಟ್ಟು ಹೇಗೋ ಕೂರಿಸಿದೆ. ಈಗಿನ ಫಿಲ್ಮ್ ಕೆಂಪನ್ನೂ ಹಿಡಿಯುತ್ತದೆ ಅನ್ನುವುದು ಮರೆತುಹೋಗಿತ್ತು. ಬಿಸಿಲಲ್ಲಿ ಸುತ್ತಾಡಿದೆ, ಮೊದಲ ರೋಲ್ ಪೂರ್ತಿ ಮಬ್ಬಾಯಿತು. ಎರಡನೇ ಸಲ ಕಿಟಕಿಗೆ ಕಪ್ಪು ಟೇಪ್ ಅಂಟಿಸಿದೆ. ಅಂಗಳದ ತುಳಸಿಕಟ್ಟೆ ಬಂತು. ಅಂಚೆಲ್ಲ ಮಸುಕು, ನಡುವೆ ನಿಚ್ಚಳ. ಆ ಪ್ರಿಂಟ್ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ನಮ್ಮಂಥ ದೇಶಗಳ ಸೆಖೆಗೆಂದೇ ಚರ್ಮ ಹೊದಿಸದೆ, ತೇಗದ ಮರಕ್ಕೆ ಹಿತ್ತಾಳೆ ಪಟ್ಟಿ ಬಿಗಿದ 'ಟ್ರಾಪಿಕಲ್' ಮಾದರಿಗಳೂ ಇದ್ದವು. ಬಲು ಚೆಂದ, ಬಲು ದುಬಾರಿ. ಮೊದಲಿಗೆ ಸಾದಾ ಪೆಟ್ಟಿಗೆಯನ್ನೇ ಕೊಳ್ಳಿ. ಷಟರ್ ಆಡುತ್ತದಾ, ಕೆಂಪು ಗಾಜು ಸರಿಯಿದೆಯಾ ನೋಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಒಣ ಜಾಗದಲ್ಲಿಡಿ. ಮೂಲೆಯಲ್ಲಿ ಚರ್ಮ ಎದ್ದಿದ್ದರೆ ತಕ್ಷಣ ಅಂಟಿಸಿಬಿಡಬೇಡಿ. ಒಳಗಿನ ಮರವನ್ನು ಒಮ್ಮೆ ನೋಡಿ.