ಪ್ರತಿ ತಿಂಗಳ ‘ಫೇವರಿಟ್’ ಪಟ್ಟಿಗೆ ಹೊಸದನ್ನು ಎಲ್ಲಿಂದ ತರುವುದು?

ಬ್ಯೂಟಿ, ಊಟ-ತಿಂಡಿ, ಪುಸ್ತಕ, ಟೀವಿ. ನಾಲ್ಕು ಖಾನೆ. ಗೆಳತಿಯರ ವಾಟ್ಸಾಪ್ ಗುಂಪಿಗೆ ತಿಂಗಳ ಕೊನೆಗೆ ಪಟ್ಟಿ ಹೋಗಬೇಕು. ಮೂರು ದಿನ ಉಳಿದಿದೆ, ಬ್ಯೂಟಿ ಖಾನೆ ಖಾಲಿ, ಪುಸ್ತಕ ಅರ್ಧಕ್ಕೆ ನಿಂತಿದೆ, ಬೇಗ ಏನು ಟ್ರೈ ಮಾಡಲಿ ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ನನ್ನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

ನಾನೂ ಇಂಥದ್ದೇ ಪಟ್ಟಿ ಹದಿನಾಲ್ಕು ತಿಂಗಳು ನಡೆಸಿದವಳು. ನಮ್ಮದು ಅಕ್ಕ-ತಂಗಿಯರ ಗುಂಪು. ದೊಡ್ಡಪ್ಪನ ಮಕ್ಕಳು, ಚಿಕ್ಕಮ್ಮನ ಮಕ್ಕಳು ಎಲ್ಲ ಸೇರಿ ಹನ್ನೊಂದು ಜನ. ಮೊದಲ ಮೂರು ತಿಂಗಳು ಸೊಗಸಾಗಿತ್ತು. ವರ್ಷಗಟ್ಟಲೆ ಇಷ್ಟಪಟ್ಟು ಬಳಸಿದ್ದು, ಓದಿದ್ದು, ನೋಡಿದ್ದು ಬೇಕಾದಷ್ಟಿತ್ತು. ಅದನ್ನೇ ಬರೆದೆ. ನಾಲ್ಕನೆಯ ತಿಂಗಳಿಗೆ ಕಣಜ ಖಾಲಿ. ಆಮೇಲೆ ಇಪ್ಪತ್ತನೇ ತಾರೀಖು ದಾಟಿತೆಂದರೆ ಸಾಕು, ಪಟ್ಟಿಗೆಂದೇ ಸಾಮಾನು ತರಿಸತೊಡಗಿದೆ. ಬೇರೆಯವರ ಪಟ್ಟಿ ಓದುವುದು, ಅದರಲ್ಲಿ ಎರಡು ಆರಿಸುವುದು, ತರಿಸುವುದು, ಹೊಗಳುವುದು. ಇದೇ ಕೆಲಸ.

ಆರನೆಯ ತಿಂಗಳು ಮುಖ ಸುಟ್ಟುಕೊಂಡೆ. ಕೈ ಸುಟ್ಟುಕೊಂಡೆ ಅಂತಾರಲ್ಲ, ಆ ಅರ್ಥದಲ್ಲಿ ಅಲ್ಲ. ನಿಜವಾಗಿಯೂ ಮುಖವೇ.

24ನೇ ತಾರೀಖು ಗ್ಲೈಕೋಲಿಕ್ ಆಸಿಡ್ ಇರುವ ಟೋನರ್ ಬಂತು. ಅವತ್ತೇ ಹಚ್ಚಿದೆ. 25ರ ರಾತ್ರಿ ರೆಟಿನಾಲ್ ಸೀರಮ್. 27ರ ಬೆಳಿಗ್ಗೆ ವಿಟಮಿನ್ ಸಿ ಸೀರಮ್. 28ಕ್ಕೆ ಕನ್ನಡಿಯಲ್ಲಿ ಮುಖ ಫಳಫಳ. ಅವತ್ತೇ ಸಂಜೆ ಪಟ್ಟಿ ಕಳಿಸಿದೆ: ‘ನಾಲ್ಕೇ ದಿನ, ಮುಖ ಗಾಜಿನ ಹಾಗಾಗಿದೆ, ಮೂರನ್ನೂ ಕಣ್ಣು ಮುಚ್ಚಿ ತಗೊಳ್ಳಿ.’

ಆ ಹೊಳಪು ಸುಳ್ಳೇನಲ್ಲ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗ್ಲೈಕೋಲಿಕ್ ಆಸಿಡ್ ಆ ಅಂಟನ್ನು ಸಡಿಲಿಸುತ್ತದೆ. ಅವು ಉದುರಿದರೆ ಮುಖ ನುಣ್ಣಗಾಗಿ ಬೆಳಕಿಗೆ ಹೊಳೆಯುತ್ತದೆ. ಹಾಗೆಯೇ ಬಿಸಿಲಿಗೂ ಬೇಗ ಸುಡುತ್ತದೆ. ಬಳಸುವಷ್ಟು ದಿನ ಮತ್ತು ನಿಲ್ಲಿಸಿದ ಮೇಲೂ ಒಂದು ವಾರ ಸನ್‌ಸ್ಕ್ರೀನ್ ಹಚ್ಚಿ ಎಂದು ಇಂಥ ಆಸಿಡ್‌ಗಳ ಲೇಬಲ್ ಮೇಲೆ ಬರೆಯಬೇಕೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ನನ್ನ ಬಾಟಲಿಯ ಮೇಲೂ ಆ ಸಾಲು ಇತ್ತು. ಡಬ್ಬಿ ಕಸಕ್ಕೆ ಹಾಕುವಾಗ ಓದಿದೆ. ರೆಟಿನಾಲ್ ಹೊಸ ಕೋಶಗಳು ಬೇಗ ಮೇಲೆ ಬರುವಂತೆ ಮಾಡುತ್ತದೆ. ಶುರುವಿನ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುವುದು ಸಾಮಾನ್ಯ. ಶುದ್ಧ ವಿಟಮಿನ್ ಸಿ ಇರುವ ಸೀರಮ್ ಚರ್ಮದೊಳಗೆ ಇಳಿಯಬೇಕಾದರೆ ಅದರ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಅಂದರೆ ಅದೂ ಸಾಕಷ್ಟು ಹುಳಿ. ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯದೇ. ನಾನು ಮೂರನ್ನೂ ಒಂದೇ ವಾರದಲ್ಲಿ ಬಿಟ್ಟು ಚರ್ಮದ ಬೇಲಿಯನ್ನೇ ಕಿತ್ತು ಹಾಕಿದೆ.

ಒಂಬತ್ತನೇ ದಿನಕ್ಕೆ ಬರೀ ನೀರು ತಾಗಿದರೂ ಉರಿ. ಮೂಗಿನ ಪಕ್ಕ, ಬಾಯಿಯ ಸುತ್ತ ಸಿಪ್ಪೆ ಏಳುತ್ತಿತ್ತು. ಗುಂಪಿನಲ್ಲಿ ನಾನು ಬಾಯಿ ಬಿಡಲಿಲ್ಲ. ನಾಚಿಕೆ. ಅವತ್ತೇ ರಾತ್ರಿ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು.

“ಅಕ್ಕಾ, ನೀನು ಹೇಳಿದ ಮೂರೂ ತರಿಸಿದೆ. ಮುಖ ಉರೀತಿದೆ. ನಿಂಗೂ ಮೊದಲು ಹೀಗೇ ಆಗಿತ್ತಾ?”

ಏನು ಹೇಳಲಿ! ನನಗೆ ಮೊದಲೂ ಇಲ್ಲ, ಆಮೇಲೂ ಇಲ್ಲ. ನನಗೂ ಅವತ್ತೇ ಆಗುತ್ತಿತ್ತು.

ಇಬ್ಬರೂ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ್ದು ಒಂದೇ: “ಯಾವುದು ಹಚ್ಚಿದ ಮೇಲೆ ಶುರುವಾಯ್ತು?” ಇಬ್ಬರೂ ಮುಖ ಮುಖ ನೋಡಿಕೊಂಡೆವು. ಯಾವುದೆಂದು ಹೇಳುವುದು? ಮೂರೂ ಒಟ್ಟಿಗೇ ಬಂದಿದ್ದವು. ಎಲ್ಲ ನಿಲ್ಲಿಸಿ ಅಂದರು. ಸೌಮ್ಯವಾದ ಫೇಸ್‌ವಾಶ್, ವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಬಿರಿದ ಕಡೆ ಪೆಟ್ರೋಲಿಯಂ ಜೆಲ್ಲಿ. ಅಷ್ಟೇ. ನನಗೆ ಐದು ವಾರ ಹಿಡಿಯಿತು. ಅವಳಿಗೆ ಇನ್ನೂ ಜಾಸ್ತಿ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಸಹಿಸಿಕೊಳ್ಳಿ. ಈ ಕತೆ ಕೇಳಿದವರೆಲ್ಲ “ಓ, ಆಸಿಡ್ ಹಚ್ಚಿದ್ದೇ ತಪ್ಪು” ಅನ್ನುತ್ತಾರೆ. ಪಾಪ, ಆಸಿಡ್ ಏನು ಮಾಡಿತು? ಅದು ತನ್ನ ಕೆಲಸ ಮಾಡಿತು. ನನ್ನ ತಪ್ಪು ತಾರೀಖಿನದು. ನಾಲ್ಕನೇ ದಿನಕ್ಕೆ ‘ಇಷ್ಟ’ ಎಂದು ಬರೆದೆ. ಚರ್ಮದ ಅಡಿಯಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರುವುದಕ್ಕೆ ಎಳೆಯ ವಯಸ್ಸಿನಲ್ಲೇ ಸುಮಾರು 28 ದಿನ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ರೆಟಿನಾಲ್‌ನ ಫಲ ಕಾಣಲು ಸುಮಾರು 12 ವಾರ ಬಳಸಬೇಕು. ಹಾಗಾದರೆ ನಾಲ್ಕನೇ ದಿನ ನಾನು ಹೊಗಳಿದ್ದು ಯಾವುದನ್ನು? ಬಾಟಲಿಯ ಬಣ್ಣವನ್ನು. ಡ್ರಾಪರ್ ಒತ್ತಿದಾಗಿನ ಖುಷಿಯನ್ನು. ಹೊಸ ಡಬ್ಬಿ ಬಿಚ್ಚಿದ ಸಂಭ್ರಮವನ್ನು. ಎರಡನೇ ದಿನ ಸ್ವಲ್ಪ ಚುರುಗುಟ್ಟಿದ್ದನ್ನು ‘ಕೆಲಸ ಮಾಡ್ತಿದೆ’ ಅಂದುಕೊಂಡೆ. ಯಾಕೆ ಹಾಗಂದುಕೊಂಡೆ? ಪಟ್ಟಿಗೆ ನಾಲ್ಕೇ ದಿನ ಇತ್ತು. ಪಟ್ಟಿ ಇರದಿದ್ದರೆ ಚುರುಗುಟ್ಟಿದ ದಿನವೇ ತೊಳೆದುಕೊಳ್ಳುತ್ತಿದ್ದೆ, ಮೂರನ್ನು ಒಟ್ಟಿಗೆ ತರಿಸುತ್ತಲೂ ಇರಲಿಲ್ಲ. ಎಲ್ಲವೂ ಆ ತಾರೀಖಿಗೇ ಬಂದು ನಿಲ್ಲುತ್ತದೆ.

ಇನ್ನೂ ಒಂದು ಮಾತು. ಆ ಹನ್ನೊಂದು ಜನರಲ್ಲಿ ಒಬ್ಬಳು ಆಗ ಬಸುರಿ. ಬಸುರಿಯರು ರೆಟಿನಾಲ್ ಹಚ್ಚಬಾರದು ಎಂದು ಡಾಕ್ಟರುಗಳು ಹೇಳುತ್ತಾರೆ. ನನ್ನ ಪಟ್ಟಿಯಲ್ಲಿ ಆ ಮಾತೇ ಇರಲಿಲ್ಲ. ನನಗೇ ಗೊತ್ತಿರಲಿಲ್ಲ. ಪುಣ್ಯಕ್ಕೆ ಅವಳು ಅದನ್ನು ತರಿಸಿರಲಿಲ್ಲ, ಅದೂ ಬರೀ ಸೋಮಾರಿತನದಿಂದ. ಈಗಲೂ ನೆನೆದರೆ ಹೊಟ್ಟೆ ತೊಳಸುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರತಿ ತಿಂಗಳೂ ಹೊಸದು ಯಾಕೆ ಬೇಕು? ಮೂರು ದಿನದಲ್ಲಿ ಹುಡುಕಿದ್ದು ಫೇವರಿಟ್ ಹೇಗಾಗುತ್ತದೆ? ಖಾನೆ ಖಾಲಿ ಬಿಡಿ. ಯಾರೂ ನಿಮ್ಮನ್ನು ಗುಂಪಿನಿಂದ ತೆಗೆಯುವುದಿಲ್ಲ. ತೆಗೆದರೆ ಮುಖ ಉಳಿಯಿತು ಅಂದುಕೊಳ್ಳಿ.

ಮುಖಕ್ಕೆ ಹಚ್ಚುವುದರಲ್ಲಿ ನಾನೀಗ ಬಹಳ ಜಿಪುಣಿ. ಒಂದು ಸಲಕ್ಕೆ ಒಂದೇ ಹೊಸದು. ಮೊದಲು ತೋಳಿನ ಒಳಭಾಗದಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, 7ರಿಂದ 10 ದಿನ. ಇದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುವ ಲೆಕ್ಕ. ಒಂದು ರಾತ್ರಿ ಕಿವಿಯ ಹಿಂದೆ ಹಚ್ಚಿ ‘ಪ್ಯಾಚ್ ಟೆಸ್ಟ್ ಆಯ್ತು’ ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದಾಟಿದರೆ ಮುಖಕ್ಕೆ. ಬಾಟಲಿ ಪೂರ್ತಿ ಖಾಲಿಯಾಗಿ, ನಾನಾಗಿಯೇ ಎರಡನೆಯದನ್ನು ಕೊಂಡರೆ ಮಾತ್ರ ಪಟ್ಟಿಗೆ. ಈ ನಿಯಮದಲ್ಲಿ ನನ್ನ ಪಟ್ಟಿ ಸೇರಿದ್ದು ಮೂರೇ ಮೂರು. ಒಂದು, ಆ ಪೆಟ್ರೋಲಿಯಂ ಜೆಲ್ಲಿ. 1872ರಲ್ಲಿ ಪೇಟೆಂಟ್ ಆದ ವಸ್ತು! ಪಟ್ಟಿಯಲ್ಲಿ ಅದನ್ನು ನೋಡಿ ಎಲ್ಲರೂ ನಕ್ಕರು. ನಗಲಿ. ಚರ್ಮದ ನೀರು ಆವಿಯಾಗದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವ ಕ್ರೀಮು ಹುಡುಕುವುದು ಕಷ್ಟ. ಎರಡು, ಒಂದು ಸಾದಾ ಸನ್‌ಸ್ಕ್ರೀನ್. ಇದರಲ್ಲಿ ಬ್ರ್ಯಾಂಡಿಗಿಂತ ಅಳತೆ ಮುಖ್ಯ. ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಅಂಕಿ, ಅಳೆಯುವಾಗ ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ನಾವು ಹಚ್ಚುವುದು ಬಟಾಣಿಯಷ್ಟು. ಆಮೇಲೆ 50 ಬರೆದಿತ್ತು, ಆದರೂ ಕಪ್ಪಾದೆ ಅಂತ ಗೋಳು. ಎರಡು ಬೆರಳುಗಳ ಉದ್ದಕ್ಕೂ ಹಿಂಡಿಕೊಂಡಷ್ಟು ಮುಖ-ಕುತ್ತಿಗೆಗೆ ಬೇಕು. ಮೂರನೆಯದು ಒಂದು ಲಿಪ್ ಬಾಮ್. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಹಾಂ, ಬಾಟಲಿಯ ಹಿಂದೆ ಪುಟ್ಟ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಅಂತಿರುತ್ತದೆ, ನೋಡಿದ್ದೀರಾ? ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ತಿಂಗಳಿಗೆರಡು ಹೊಸದು ತಂದರೆ ಯಾವುದೂ ಮುಗಿಯುವುದಿಲ್ಲ, ಎಲ್ಲವೂ ಕೆಡುತ್ತವೆ. ನನ್ನ ಕಪಾಟಿನಿಂದ ಹಾಗೆ ಹತ್ತೊಂಬತ್ತು ಬಾಟಲಿ ಎಸೆದೆ.

ಟೀವಿಯಲ್ಲೂ ಇದೇ ರೋಗ. ಪಟ್ಟಿಗೆಂದು ಆರು ಕಂತಿನ ಒಂದು ಕೊಲೆ ಸೀರೀಸನ್ನು ಒಂದೇ ರಾತ್ರಿ ನೋಡಿ ‘ಅದ್ಭುತ’ ಎಂದು ಬರೆದಿದ್ದೆ. ನಾಲ್ಕು ತಿಂಗಳ ಮೇಲೆ ದೊಡ್ಡಪ್ಪನ ಮಗಳು ನೋಡಿ ಮುಗಿಸಿ, ಕೊನೆಯ ಬಗ್ಗೆ ಮಾತಾಡಲು ಫೋನ್ ಮಾಡಿದಳು. ಕೊಲೆ ಮಾಡಿದ್ದು ಯಾರೆಂದೇ ನನಗೆ ನೆನಪಿರಲಿಲ್ಲ. ಹೂಂ ಹೂಂ ಅಂದು ಫೋನ್ ಇಟ್ಟೆ. ಆಮೇಲೆ ಗೊತ್ತಾಯಿತು, ಮೆಲ್ಬರ್ನ್‌ನ ಸಂಶೋಧಕರು 2017ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಆರು ಕಂತನ್ನು ಒಂದೇ ಕೂತಲ್ಲಿ ನೋಡಿದವರು, ದಿನಕ್ಕೊಂದು, ವಾರಕ್ಕೊಂದು ನೋಡಿದವರು ಎಂದು ಮೂರು ಗುಂಪು. ಒಟ್ಟಿಗೆ ನೋಡಿದವರಿಗೆ ಮರುದಿನ ಎಲ್ಲ ಚೆನ್ನಾಗಿ ನೆನಪಿತ್ತು, ಆದರೆ ಮರೆತದ್ದೂ ಅವರೇ ಬೇಗ. ಖುಷಿಪಟ್ಟದ್ದೂ ಅವರೇ ಕಡಿಮೆ. ಈಗ ನಾನು ಶುಕ್ರವಾರ ರಾತ್ರಿ ಒಂದೇ ಕಂತು ನೋಡುತ್ತೇನೆ. ವಾರವಿಡೀ ‘ಮುಂದೇನು’ ಅಂತ ಯೋಚಿಸುವುದೇ ಅರ್ಧ ಮಜಾ. ಎಲ್ಲ ಕಂತೂ ಒಂದೇ ದಿನ ಬಂದರೆ ನೋಡಿ ಮುಗಿಸಲೇಬೇಕೆಂದು ಯಾರು ಹೇಳಿದರು?

ಊಟ-ತಿಂಡಿ ಖಾನೆಗೆ ನನ್ನ ಲೆಕ್ಕ ಸರಳ. ಯಾರೂ ಕೇಳದೆ ನಾನಾಗಿ ಮೂರು ಸಲ ಮಾಡಿದ್ದರೆ ಅದು ಇಷ್ಟವಾದದ್ದು. ಸದ್ಯಕ್ಕೆ ಅಣಬೆ. ಎಣ್ಣೆ ಹಾಕದೆ ಕಾದ ಬಾಣಲೆಗೆ ಸುರಿಯುವುದು. ಅಣಬೆಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ಅದು ಬಿಟ್ಟುಕೊಂಡು ಆರುವವರೆಗೆ ಕಂದು ಬಣ್ಣ ಬರುವುದಿಲ್ಲ. ಚುಯ್ ಸದ್ದು ನಿಂತ ಮೇಲೆ ಒಂದು ಚಮಚ ಬೆಣ್ಣೆ, ಉಪ್ಪು. ಮುಗಿಯಿತು.

ಪುಸ್ತಕಕ್ಕೆ ಬರುತ್ತೇನೆ, ನಿಮ್ಮ ಅರ್ಧ ಓದಿದ ಪುಸ್ತಕ ನನಗೆ ಕಾಡುತ್ತಿದೆ. ಪಟ್ಟಿಗಾಗಿ ಅದನ್ನು ಮೂರು ರಾತ್ರಿಯಲ್ಲಿ ನುಂಗಬೇಡಿ. ನಾನು ಹಾಗೆ ನುಂಗಿದ ಪುಸ್ತಕಗಳು ಹೆಸರು ಬಿಟ್ಟು ಏನೂ ಉಳಿಸಿಲ್ಲ. ಒಮ್ಮೆ ಅರವತ್ತು ಪುಟ ಮತ್ತು ಹಿಂಬದಿಯ ರಕ್ಷಾಪುಟ ಓದಿ ಹೊಗಳಿ ಬರೆದದ್ದೂ ಉಂಟು. ನ್ಯಾನ್ಸಿ ಪರ್ಲ್ ಎಂಬ ಅಮೆರಿಕದ ಲೈಬ್ರರಿಯನ್ ಒಂದು ಲೆಕ್ಕ ಹೇಳಿದ್ದಾರೆ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ನಿಮಗೆ 50 ದಾಟಿದ್ದರೆ 100ರಲ್ಲಿ ನಿಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ನೀವು ಅರ್ಧದವರೆಗೆ ಬಂದಿದ್ದೀರಿ ಅಂದರೆ ಅದು ಆಗಲೇ ಪಾಸಾಗಿದೆ, ಅಲ್ವಾ? ‘ಇನ್ನೂ ಮುಗಿದಿಲ್ಲ, ನಿಧಾನಕ್ಕೆ ಓದುತ್ತಿದ್ದೇನೆ’ ಅಂತಲೇ ಬರೆದು ಕಳಿಸಿ.

ಚಿಕ್ಕಮ್ಮನ ಮಗಳು ಈಗಲೂ ನನ್ನನ್ನು ಕೇಳಿಯೇ ಕೊಳ್ಳುತ್ತಾಳೆ, ಅದೇ ಆಶ್ಚರ್ಯ. ಚೆನ್ನಾಗಿದೆಯಾ ಅಂತ ಮಾತ್ರ ಕೇಳುವುದಿಲ್ಲ. “ಅಕ್ಕಾ, ಇದು ನಿಂಗೆ ಎಷ್ಟನೇ ಬಾಟಲಿ?” ಅನ್ನುತ್ತಾಳೆ. ಹೋದ ವಾರವೂ ಕೇಳಿದಳು. ಒಂದನೆಯದು ಅಂದೆ. ಸರಿ, ಆಮೇಲೆ ಫೋನ್ ಮಾಡ್ತೀನಿ ಅಂದು ಇಟ್ಟುಬಿಟ್ಟಳು.