ಡ್ರಿಪ್ ನಿಮಿಷ ಕರೆಂಟ್ ಹೋಗಿ ಬಂದ್ರೆ 40ಕ್ಕೇ ವಾಪಸ್ ಹೋಗತ್ತೆ ಅಂತ ಕೇಳಿದವರಿಗೆ

ಅಣ್ಣಾ, ಮೊದಲು ನೀವು ಗುಂಪಲ್ಲಿ ಹಾಕಿದ ಕಾನ್ಫಿಗರೇಷನ್ ಫೈಲಿನ ಸ್ಕ್ರೀನ್‌ಶಾಟ್ ಡಿಲೀಟ್ ಮಾಡಿ. ನಿಮ್ಮ ಟೆಲಿಗ್ರಾಂ ಬಾಟ್ ಟೋಕನ್ (ಬಾಟನ್ನ ನಡೆಸೋ ಗುಟ್ಟಿನ ಕೀಲಿ) ಪೂರ್ತಿ ಕಾಣ್ತಾ ಇದೆ, ಅದರ ಕೆಳಗೇ ಕಳದ ಕ್ಯಾಮೆರಾ ಪಾಸ್‌ವರ್ಡೂ ಇದೆ. ಡಿಲೀಟ್ ಮಾಡಿದ್ರೆ ಸಾಲಲ್ಲ, ಇಲ್ಲಿ ನೋಡಿದವರ ಫೋನಲ್ಲಿ ಅದು ಆಗ್ಲೇ ಕೂತಿರತ್ತೆ, ಬಾಟ್‌ಫಾದರಿಗೆ (ಬಾಟ್ ಮಾಡಿಕೊಡೋ ಟೆಲಿಗ್ರಾಂನದೇ ಬಾಟು) ಹೋಗಿ ರಿವೋಕ್ ಕೊಟ್ಟು ಹಳೇದು ರದ್ದು ಮಾಡಿ ಹೊಸ ಟೋಕನ್ ತಗೊಳ್ಳಿ, ಕ್ಯಾಮೆರಾ ಪಾಸ್‌ವರ್ಡೂ ಬದಲಾಯಿಸಿ, ಆಮೇಲೆ ಮುಂದಿಂದು ಓದಿ.

ನೀವು ಮುಖ್ಯವಾಗಿ ಕೇಳಿದ್ದು ಎರಡು. ಹೋಮ್ ಅಸಿಸ್ಟೆಂಟಲ್ಲಿ, ಅಂದ್ರೆ ಲೈಟು ಗೇಟು ಮೋಟರು ಎಲ್ಲ ತಾನೇ ನಡೆಸೋ ಸಾಫ್ಟ್‌ವೇರಲ್ಲಿ, ಡ್ರಿಪ್ ನಿಮಿಷ ಎಷ್ಟಕ್ಕೆ ಇಟ್ರೂ ಕರೆಂಟ್ ಹೋಗಿ ಬಂದ್ಮೇಲೆ 40 ಆಗಿರತ್ತೆ, ಮತ್ತೆ 900 ಲೈನಿನ ಕಾನ್ಫಿಗರೇಷನ್ ಫೈಲು ಮುಟ್ಟೋಕೇ ಹೆದರಿಕೆ ಆಗತ್ತೆ. ಮೊದಲನೇದು ನನಗೂ ಆಗಿದೆ. ನಮ್ಮಪ್ಪ ಮಾರ್ಚಲ್ಲಿ ಬಿಸಿಲು ಜಾಸ್ತಿ ಆಯ್ತು ಅಂತ ಫೋನಲ್ಲೇ 40ನ್ನ 70 ಮಾಡಿದ್ರು, ನಾನೂ ಖುಷಿಯಲ್ಲಿದ್ದೆ ಅಪ್ಪ ಕಲ್ತ್ರು ಅಂತ. ಹದಿನೈದು ದಿನ ಬಿಟ್ಟು ಕೆಳಗಿನ ಪ್ಲಾಟಲ್ಲಿ ಸಸಿ ಸೋಗೆ ಹಳದಿ ತಿರುಗ್ತಾ ಇದೆ ಅಂದ್ರು, ಲ್ಯಾಟರಲ್ (ಡ್ರಿಪ್ಪಿನ ಸಣ್ಣ ಪೈಪು) ಬ್ಲಾಕ್ ಆಗಿದೆ ಅಂತ ನಾವು ಫಿಲ್ಟರ್ ತೊಳೆದಿದ್ದೇ ತೊಳೆದಿದ್ದು. ಕೊನೆಗೆ ನೋಡಿದ್ರೆ ದಿನಾ ಬಿಡ್ತಾ ಇದ್ದಿದ್ದು 40 ನಿಮಿಷವೇ. ಕಾರಣ ಒಂದೇ ಒಂದು ಲೈನು. ಇನ್‌ಪುಟ್ ನಂಬರ್ (ಫೋನಲ್ಲಿ ನಿಮಿಷ ಇಡೋ ಸ್ಲೈಡರು) ಬರೆಯುವಾಗ ನೆಟ್ಟಲ್ಲಿ ಸಿಕ್ಕಿದ ಉದಾಹರಣೆ ಕಾಪಿ ಹೊಡೆದಿದ್ದೆ, ಅದ್ರಲ್ಲಿ 'ಇನಿಶಿಯಲ್: 40' ಅಂತ ಇತ್ತು. ಆ ಲೈನ್ ಇದ್ರೆ ಸಿಸ್ಟಮ್ ಪ್ರತಿ ಸಲ ಎದ್ದಾಗಲೂ ಆ ನಂಬರಿಂದಾನೇ ಶುರು ಮಾಡತ್ತೆ, ನೀವು ಫೋನಲ್ಲಿ ಇಟ್ಟಿದ್ದನ್ನ ಕೇಳೋದೇ ಇಲ್ಲ. ಲೈನ್ ಅಳಿಸಿಬಿಡಿ, ಆಗ ಕೊನೆಗೆ ಇಟ್ಟ ನಂಬರು ನೆನಪಿಟ್ಕೊಳ್ಳತ್ತೆ. ಒಂದು ಕಿರಿಕಿರಿ ಮಾತ್ರ ಉಳಿಯತ್ತೆ, ಆ ನೆನಪನ್ನ ಅದು ಎಸ್‌ಡಿ ಕಾರ್ಡಿಗೆ ಬರೆಯೋದು 15 ನಿಮಿಷಕ್ಕೊಂದ್ಸಲ, ಹಾಗಾಗಿ ಬದಲಾಯಿಸಿದ ಐದು ನಿಮಿಷಕ್ಕೆ ಕರೆಂಟ್ ಕಿತ್ಕೊಂಡ್ರೆ ಹಳೇ ನಂಬರೇ ಬರಬಹುದು. ರಾಸ್‌ಬೆರಿ ಪೈಗೆ (ಹೋಮ್ ಅಸಿಸ್ಟೆಂಟ್ ಓಡೋ ಪುಟ್ಟ ಕಂಪ್ಯೂಟರು) ರೌಟರಿಗೆ ಹಾಕೋ ತರದ್ದೇ ಒಂದು ಸಣ್ಣ ಯುಪಿಎಸ್ ಹಾಕಿ, ಆದ್ರೆ ಪೈ ಕೇಳೋಷ್ಟು ವೋಲ್ಟೇಜು ಕರೆಂಟು ಕೊಡತ್ತಾ ನೋಡಿ ತಗೊಳ್ಳಿ.

ನಿಮ್ಮ ಎರಡನೇ ಹೆದರಿಕೆಗೂ ಮೂಲ ಇದೇ, ಯಾವ ಸೆಟ್ಟಿಂಗ್ ಎಲ್ಲಿ ಕೂತಿದೆ ಅಂತ ಗೊತ್ತಿಲ್ಲದೇ ಇರೋದು. ಮೂರು ಜಾಗ ಇದೆ. ಒಂದು ನೀವು ಕೈಯಾರೆ ಬರೆಯೋ ಯಾಮಲ್ ಫೈಲು, ಸೆಟ್ಟಿಂಗನ್ನ ಸಾದಾ ಅಕ್ಷರದಲ್ಲಿ ಬರೆಯೋದು, ನಿಮ್ಮ 900 ಲೈನಿಂದೂ ಅದೇ. ಎರಡು, ಸ್ಕ್ರೀನಲ್ಲಿ ಒತ್ತಿ ಮಾಡಿದ್ದರಲ್ಲಿ ಹೆಚ್ಚಿನದು ಹೋಗಿ ಕೂರೋ 'ಡಾಟ್ ಸ್ಟೋರೇಜ್' ಅನ್ನೋ ಫೋಲ್ಡರ್, ಹೆಸರಿನ ಮುಂದೆ ಚುಕ್ಕೆ ಇರೋದ್ರಿಂದ ಸುಮಾರು ಕಡೆ ಕಾಣಲ್ಲ, ಅದಕ್ಕೆ ಕೈ ಹಾಕ್ಬೇಡಿ, ಸಿಸ್ಟಮ್ ಓಡ್ತಾ ಇರುವಾಗಂತೂ ಬೇಡವೇ ಬೇಡ. ಮೂರನೇದು ಮೋಟರ್ ಮನೆಯಲ್ಲಿರೋ ರಿಲೇ (ಹೋಮ್ ಅಸಿಸ್ಟೆಂಟ್ ಹೇಳಿದಾಗ ಹಚ್ಚಿ ಆರಿಸೋ ಸ್ವಿಚ್ಚು) ಒಳಗಿನ ಸೆಟ್ಟಿಂಗು. ಜನ ಮರೆಯೋದು ಈ ಮೂರನೇದನ್ನೇ.

ನೀವು ಟ್ಯಾಸ್ಮೋಟಾ (ರಿಲೇ ಒಳಗೆ ಓಡೋ ಸಾಫ್ಟ್‌ವೇರು) ಹಾಕಿರೋ ರಿಲೇ ಅಂತ ಹೇಳಿದೀರಿ. ನಿಮ್ಮ ಆಟೋಮೇಷನ್ನು (ಹೋಮ್ ಅಸಿಸ್ಟೆಂಟ್ ತಾನೇ ಮಾಡೋ ಕೆಲಸದ ಪಟ್ಟಿ) 'ಮೋಟರ್ ಹಚ್ಚು, 70 ನಿಮಿಷ ಕಾಯಿ, ಆರಿಸು' ಅಂತ ಇದೆ. ಆ ಕಾಯೋ ಮಧ್ಯೆ ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದ್ರೆ ಅದು ಎದ್ದ ಮೇಲೆ ಕಾಯೋದನ್ನ ಮುಂದುವರಿಸಲ್ಲ, ಮರೆತೇಬಿಡತ್ತೆ, ಮೋಟರ್ ಓಡ್ತಾನೇ ಇರತ್ತೆ, ಬಾವಿ ಬತ್ತಿದ್ರೂ. ಹಾಗಾಗಿ ಕೊನೇ ಮಿತಿ ರಿಲೇಯಲ್ಲೇ ಇರಬೇಕು. ಟ್ಯಾಸ್ಮೋಟಾ ಕನ್ಸೋಲಲ್ಲಿ (ಆದೇಶ ಟೈಪ್ ಮಾಡೋ ಜಾಗ) 'ಪಲ್ಸ್‌ಟೈಮ್ 5500' ಕೊಡಿ. ಸೆಕೆಂಡಿಗೆ 100 ಕೂಡಿಸಿ ಬರೆಯೋ ಲೆಕ್ಕ ಅದು, 90 ನಿಮಿಷ ಅಂದ್ರೆ 5400 ಸೆಕೆಂಡು, ಅದಕ್ಕೆ 100 ಸೇರಿ 5500. ಇನ್ನು ಯಾರು ಮರೆತ್ರೂ 90 ನಿಮಿಷಕ್ಕೆ ರಿಲೇ ತಾನೇ ಆರತ್ತೆ. ಫೋನಲ್ಲಿ ಕಾಣೋ ಸ್ಲೈಡರಿನ ಗರಿಷ್ಠವನ್ನೂ 90ಕ್ಕೇ ಇಡಿ, ಇಲ್ಲಾಂದ್ರೆ ಯಾರೋ 120 ಇಟ್ಟು ಯಾಕೆ ಬೇಗ ಆರ್ತು ಅಂತ ನಿಮಗೇ ಫೋನ್ ಮಾಡ್ತಾರೆ. ಜೊತೆಗೆ 'ಪವರ್‌ಆನ್‌ಸ್ಟೇಟ್ 0' ಕೊಡಿ. ಹಾಗೇ ಬಿಟ್ರೆ ಅದು 3ರಲ್ಲಿ ಇರತ್ತೆ, ಅಂದ್ರೆ ಕರೆಂಟ್ ಹೋಗುವಾಗ ಹೇಗಿತ್ತೋ ಬಂದ ತಕ್ಷಣ ಹಾಗೇ ಆಗತ್ತೆ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು ಅಂದ್ರೆ ಮೋಟರೂ ಎದ್ದು ಕೂರತ್ತೆ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟರಿನ ದೊಡ್ಡ ಕರೆಂಟ್ ಹೊರೋ ಸ್ವಿಚ್ಚು) ಕಾಯಿಲಿಗೆ ಮಾತ್ರ ಲೈನ್ ಕೊಟ್ಟಿದೀರಿ ಅಂದ್ಕೊಂಡಿದೀನಿ, ಮೋಟರಿಗೆ ನೇರ ಕೊಟ್ಟಿದ್ರೆ ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ.

ಈಗ 900 ಲೈನಿಗೆ ಬರೋಣ. ಒಟ್ಟಿಗೆ ಸರಿ ಮಾಡೋಕೆ ಹೋಗ್ಬೇಡಿ. 'ಪ್ಯಾಕೇಜಸ್' ಅಂತ ಒಂದು ಫೋಲ್ಡರ್ ಮಾಡಿ, ಮುಖ್ಯ ಫೈಲಲ್ಲಿ ಹೋಮ್ ಅಸಿಸ್ಟೆಂಟ್ ಅನ್ನೋ ತಲೆಬರಹದ ಕೆಳಗೆ ಆ ಫೋಲ್ಡರ್ ಸೇರಿಸ್ಕೋ ಅಂತ ಒಂದು ಲೈನ್ ಹಾಕಿದ್ರೆ ಆಯ್ತು. ಆಮೇಲೆ ಡ್ರಿಪ್ಪಿಗೆ ಒಂದು ಫೈಲು, ಗೇಟಿಗೆ ಒಂದು, ಕಳದ ಲೈಟಿಗೆ ಒಂದು. ಡ್ರಿಪ್ ಫೈಲಲ್ಲಿ ಅದರ ಸ್ಲೈಡರು, ಆಟೋಮೇಷನ್ನು, ಸ್ಕ್ರಿಪ್ಟು ಎಲ್ಲ ಒಟ್ಟಿಗೆ ಇರತ್ತೆ, ಹಾಳಾದ್ರೆ ನೋಡ್ಬೇಕಾಗಿದ್ದು ಅದೊಂದೇ. ನಷ್ಟ ಏನಂದ್ರೆ ಅಲ್ಲಿಟ್ಟ ಆಟೋಮೇಷನ್ ಫೋನಲ್ಲಿ ಎಡಿಟ್ ಮಾಡಕ್ಕಾಗಲ್ಲ. ನನಗೆ ಅದೇ ಒಳ್ಳೇದು ಅನ್ಸತ್ತೆ, ಮನೆಯವರು ಬದಲಾಯಿಸಬೇಕಾಗಿದ್ದು ಸ್ಲೈಡರ್ ಮಾತ್ರ. ಪಾಸ್‌ವರ್ಡು ಟೋಕನ್ ಎಲ್ಲ 'ಸೀಕ್ರೆಟ್ಸ್' ಫೈಲಿಗೆ ಹಾಕಿ ಇಲ್ಲಿಂದ ಹೆಸರು ಮಾತ್ರ ಕರೀರಿ. ಅದೇನೂ ಬೀಗ ಹಾಕಿದ ಫೈಲಲ್ಲ, ತೆಗೆದವರಿಗೆ ಎಲ್ಲಾ ಕಾಣತ್ತೆ, ಆದ್ರೆ ಗುಂಪಲ್ಲಿ ಸ್ಕ್ರೀನ್‌ಶಾಟ್ ಹಾಕುವಾಗ ಮರ್ಯಾದೆ ಉಳಿಯತ್ತೆ.

ನಿಮ್ಮ ಸಂಜೆ ಆಟೋಮೇಷನ್ ಏಳ್ತಿಲ್ಲ ಬೆಳಗ್ಗೆದು ಸರಿ ಇದೆ ಅಂದ್ರಲ್ಲ, ಸ್ಕ್ರೀನ್‌ಶಾಟಲ್ಲೇ ಉತ್ತರ ಇದೆ. ಟೈಮಿನ ಎರಡೂ ಕಡೆ ಕೋಟ್ (ಉದ್ಧರಣ ಚಿಹ್ನೆ) ಹಾಕಿಲ್ಲ. 05:30:00 ಸೊನ್ನೆಯಿಂದ ಶುರುವಾಗೋದಕ್ಕೆ ಬಚಾವು, 17:30:00ನ್ನ ಯಾಮಲ್ ಅರವತ್ತರ ಲೆಕ್ಕದಲ್ಲಿ 63000 ಅನ್ನೋ ಸಂಖ್ಯೆ ಮಾಡ್ಬಿಡತ್ತೆ, ಅದು ಟೈಮೇ ಅಲ್ಲ. ಆನ್, ಆಫ್ ಅನ್ನೋ ಪದಕ್ಕೂ ಹಾಗೇ ಕೋಟ್ ಬೇಕು, ಇಲ್ಲಾಂದ್ರೆ ಹೌದು, ಅಲ್ಲ ಅಂತ ಓದ್ಕೊಳ್ಳತ್ತೆ.

ಪ್ರತಿ ಬದಲಾವಣೆ ಆದ್ಮೇಲೆ ಡೆವಲಪರ್ ಟೂಲ್ಸಲ್ಲಿ ಚೆಕ್ ಕಾನ್ಫಿಗರೇಷನ್ ಒತ್ತಿ, ಆಮೇಲೇ ರೀಸ್ಟಾರ್ಟು. ಅದು ಬರವಣಿಗೆಯ ತಪ್ಪು ಹಿಡಿಯತ್ತೆ, ನೀವು ವಾಲ್ವ್ 2ರ ಬದಲು 3 ಅಂತ ಬರ್ದಿದ್ರೆ ಅದಕ್ಕೇನು ಗೊತ್ತು ಪಾಪ. ಅಪ್‌ಡೇಟ್ ತಿಂಗಳಿಗೊಂದು ಬರತ್ತೆ, ಬಂದ ದಿನವೇ ಹಾಕ್ಬೇಡಿ, ಅದರ ಟಿಪ್ಪಣಿಯಲ್ಲಿ ಹಳೇದರ ಜೊತೆ ಹೊಂದದ ಬದಲಾವಣೆಗಳು ಅಂತ ಒಂದು ಭಾಗ ಇರತ್ತೆ, ಅದನ್ನ ಓದಿ, ನಿಮ್ಮಲ್ಲಿರೋದು ಯಾವುದಾದ್ರೂ ಇದ್ಯಾ ನೋಡಿ.

ಶುರು ಮಾಡೋ ಮೊದಲು ಪೂರ್ತಿ ಬ್ಯಾಕಪ್ ತೆಗೆದು ಲ್ಯಾಪ್‌ಟಾಪಿಗೆ ಇಳಿಸ್ಕೊಳ್ಳಿ, ಅದೇ ಎಸ್‌ಡಿ ಕಾರ್ಡಲ್ಲಿ ಬಿಟ್ರೆ ಕಾರ್ಡ್ ಜೊತೆಗೆ ಅದೂ ಹೋಗತ್ತೆ. ಮೊದಲು ಕಳದ ಲೈಟಿನ ಭಾಗ ಬೇರೆ ಮಾಡಿ, ಒಂದು ವಾರ ಬಿಟ್ಟು ಗೇಟು. ಇನಿಶಿಯಲ್ ಲೈನು, ಕೋಟು, ಆ ಎರಡು ರಿಲೇ ಸೆಟ್ಟಿಂಗು ಇವತ್ತೇ ಮಾಡಿ, ಡ್ರಿಪ್ಪಿನ ಉಳಿದ ಭಾಗ ಮಾತ್ರ ಮಳೆ ಹಿಡಿದ ಮೇಲೆ ಮುಟ್ಟಿ.