ಗಿಯರ್‌ಬಾಕ್ಸ್ ಬದಲಾಯಿಸಿದ ಮೇಲೆ ಸೆಲ್ಫ್ ಹೊಡೆಯುತ್ತಿಲ್ಲವೇ? ವೈರ್ ಕೂಡಿಸಬೇಡಿ

ಪ್ರಶ್ನೆ: ನನ್ನದು 2008ರ ಸಿವಿಕ್. ಆಟೋಮ್ಯಾಟಿಕ್ ಗಿಯರ್‌ಬಾಕ್ಸ್ ಹೋಯಿತೆಂದು ಗುಜರಿಯಿಂದ ಮ್ಯಾನ್ಯುಯಲ್ ಬಾಕ್ಸ್ ತಂದು ಹಾಕಿಸಿದೆ. ಸೆಲ್ಫ್ ಹೊಡೆಯಲೇ ಇಲ್ಲ. ಮೆಕ್ಯಾನಿಕ್ ಎರಡು ವೈರ್ ಕೂಡಿಸಿದ ಮೇಲೆ ಸ್ಟಾರ್ಟ್ ಆಯಿತು. ಈಗ ಚೆಕ್ ಎಂಜಿನ್ ದೀಪ ಆರುವುದಿಲ್ಲ, ಸ್ಪೀಡ್ ಸೊನ್ನೆ ತೋರಿಸುತ್ತದೆ, ರಿವರ್ಸ್ ಲೈಟೂ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಎರಡು ವೈರ್ ಬಿಡಿಸಿ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಲಿವರ್ ಪಿ (ಪಾರ್ಕಿಂಗ್) ಅಥವಾ ಎನ್‌ನಲ್ಲಿ (ನ್ಯೂಟ್ರಲ್) ಇದ್ದರೆ ಮಾತ್ರ ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್ ಹಳೆಯ ಬಾಕ್ಸಿನ ಮೇಲಿತ್ತು. ಬಾಕ್ಸ್ ಜೊತೆ ಅದೂ ಹೋಯಿತು. ವೈರ್ ಕೂಡಿಸಿದರೆ ಕಾರು ಗಿಯರ್‌ನಲ್ಲಿದ್ದರೂ ಸೆಲ್ಫ್ ಹೊಡೆಯುತ್ತದೆ. ಹೀಗೆ ಕೂಡಿಸಿದ ಕಾರೊಂದು ನನ್ನ ಶೆಡ್ಡಿಗೆ ಬಂದಿತ್ತು. ಹುಡುಗ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದ. ಒಂದನೇ ಗಿಯರ್‌ನಲ್ಲಿದ್ದ ಕಾರು ನೆಗೆದು ಏರ್ ಕಂಪ್ರೆಸರನ್ನು ಗೋಡೆಗೆ ಒತ್ತಿತು. ಅದಕ್ಕೆ ಒಂದು ನಿಮಿಷ ಮೊದಲು ಅದೇ ಜಾಗದಲ್ಲಿ ಒಬ್ಬ ಕುಕ್ಕರುಗಾಲಲ್ಲಿ ಕೂತು ಟಯರ್ ನೋಡುತ್ತಿದ್ದ.

ಬಿಡಿಸಿದ ಆ ಎರಡು ವೈರ್ ತುದಿಗಳ ನಡುವೆ ಕ್ಲಚ್ ಪೆಡಲಿನ ಸ್ವಿಚ್ ಬರಬೇಕು. ಪೆಡಲ್ ತಳಮುಟ್ಟ ತುಳಿದಾಗ ಮಾತ್ರ ಅದು ಕೂಡಬೇಕು. ಬ್ರೇಕ್ ಲೈಟಿನ ಸ್ವಿಚ್ಚನ್ನೇ ಪೆಡಲಿನ ಮೇಲ್ತುದಿಗೆ ಹಾಕುವವರಿದ್ದಾರೆ. ಪೆಡಲ್ ಅಲುಗಿದ ಕೂಡಲೇ ಅದು ಕೂಡಿಬಿಡುತ್ತದೆ, ಕ್ಲಚ್ ಇನ್ನೂ ಬಿಟ್ಟಿರುವುದಿಲ್ಲ.

ರಿವರ್ಸ್ ಲೈಟಿನ ವೈರೂ ಹೋದ ಸ್ವಿಚ್ಚಿನಲ್ಲೇ ಇತ್ತು. ಮ್ಯಾನ್ಯುಯಲ್ ಬಾಕ್ಸಿಗೆ ತನ್ನದೇ ರಿವರ್ಸ್ ಸ್ವಿಚ್ ಇದೆ, ವೈರನ್ನು ಅಲ್ಲಿಗೆ ಎಳೆಸಿ. ಎಂಜಿನ್ ದೀಪದ ಕಥೆ ಬೇರೆ. ನಿಮ್ಮ ಕಾರಿನ ಕಂಪ್ಯೂಟರ್ ಇನ್ನೂ ಆಟೋಮ್ಯಾಟಿಕ್‌ನದೇ. ಹೋದ ಬಾಕ್ಸಿನಲ್ಲಿ ಗಿಯರ್ ಬದಲಿಸುತ್ತಿದ್ದ ಕರೆಂಟಿನ ವಾಲ್ವ್‌ಗಳನ್ನೂ (ಸೊಲೆನಾಯ್ಡ್) ವೇಗ ಅಳೆಯುವ ಸೆನ್ಸರನ್ನೂ ಹುಡುಕುತ್ತಿದೆ. ಸೊಲೆನಾಯ್ಡ್ ಇದೆಯೆಂದು ಕಂಪ್ಯೂಟರನ್ನು ನಂಬಿಸಲು ರೆಸಿಸ್ಟರ್ ಬೆಸೆದು ದೀಪ ಆರಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಆ ದೀಪವನ್ನೇ ಕಿತ್ತು ಕೊಡುವ ಪುಣ್ಯಾತ್ಮರೂ ಇದ್ದಾರೆ, ನಾಳೆ ಆಕ್ಸಿಜನ್ ಸೆನ್ಸರ್ ಕೆಟ್ಟರೆ ನಿಮಗೆ ಗೊತ್ತಾಗುವುದಾದರೂ ಹೇಗೆ? ಅದೇ ಎಂಜಿನ್ನಿನ ಮ್ಯಾನ್ಯುಯಲ್ ಕಾರಿನ ಕಂಪ್ಯೂಟರ್ ತಂದು, ನಿಮ್ಮ ಕೀಗೆ ಹೊಂದಿಸಿಯೇ ಹಾಕಿಸಿ. ಹೊಂದಿಸದಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಎಂಜಿನ್ ಸ್ಟಾರ್ಟ್ ಆಗಲು ಬಿಡುವುದಿಲ್ಲ.

ನೀವು ಕೇಳದಿದ್ದರೂ ಎರಡು ಮಾತು. ಎಂಜಿನ್ ಮತ್ತು ಬಾಕ್ಸ್ ಕೂಡುವಲ್ಲಿ ಎರಡು ಡವೆಲ್ ಪಿನ್ ಇರುತ್ತವೆ, ಬೆರಳ ತುದಿಯಷ್ಟಿನ ಕಬ್ಬಿಣದ ತುಂಡುಗಳು. ಗುಜರಿ ಬಾಕ್ಸ್ ತರುವಾಗ ಕಳೆದುಹೋಗುವುದೇ ಅವು. ಅವಿಲ್ಲದೆ ಬೋಲ್ಟ್ ಬಿಗಿದರೂ ಬಾಕ್ಸ್ ಕೂರುತ್ತದೆ, ಆದರೆ ಶಾಫ್ಟ್ ಕೂದಲೆಳೆಯಷ್ಟು ವಾರೆಯಾಗಿ ತಿರುಗಿ ಕ್ಲಚ್ ಪ್ಲೇಟನ್ನೂ ಬೇರಿಂಗನ್ನೂ ತಿನ್ನುತ್ತದೆ. ಕ್ಲಚ್ ಕೂರುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ಹಳೆಯ ಬೋಲ್ಟ್ ಹಾಕಿದ್ದಾರೆಯೇ ಎಂದೂ ವಿಚಾರಿಸಿ. ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿರುವುದು ತೆಳ್ಳನೆಯ ತಗಡಿನ ಪ್ಲೇಟ್, ಅದರ ಬೋಲ್ಟ್ ದಪ್ಪ ಫ್ಲೈವೀಲ್‌ಗೆ ಮೋಟು. ನಾಲ್ಕು ಸುತ್ತು ಹಿಡಿದ ಬೋಲ್ಟಿನ ಮೇಲೆ ಫ್ಲೈವೀಲ್ ತಿರುಗುವುದನ್ನು ನೆನೆದರೇ ನನಗೆ ಭಯ.

ಪ್ರಶ್ನೆ: ಮ್ಯಾನ್ಯುಯಲ್ ಮಾಡಿಸಿದರೆ ಮೈಲೇಜ್ ಹೆಚ್ಚುತ್ತದಾ?

ಉತ್ತರ: ಸ್ವಲ್ಪ ಹೆಚ್ಚಬಹುದು, ಮಾಡಿಸಿದ ಖರ್ಚಂತೂ ಗಿಟ್ಟುವುದಿಲ್ಲ.

ಪ್ರಶ್ನೆ: ಸೆಲೆರಿಯೊ ಎಎಂಟಿ ಗಿಯರ್ ಸಿಕ್ಕಿಕೊಳ್ಳುತ್ತದೆ. ಮ್ಯಾನ್ಯುಯಲ್ ಬಾಕ್ಸ್ ಹಾಕಿಸಲಾ?

ಉತ್ತರ: ಎಎಂಟಿ ಒಳಗಿರುವುದೇ ಮ್ಯಾನ್ಯುಯಲ್ ಬಾಕ್ಸ್! ಕ್ಲಚ್ ಒತ್ತಿ ಗಿಯರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಕ್ಲಚ್ ಸವೆದಿದೆಯೇ, ಗಿಯರ್ ಬದಲಿಸುವ ಆಕ್ಚುಯೇಟರ್ ಸರಿಯಿದೆಯೇ ನೋಡಿಸಿ.

ಪ್ರಶ್ನೆ: ಆರ್‌ಟಿಒಗೆ ಹೇಳಬೇಕಾ? ಯಾರೂ ನೋಡಲ್ಲ ಅನ್ನುತ್ತಾರೆ.

ಉತ್ತರ: ಅಪಘಾತದ ಮರುದಿನ ವಿಮೆಯ ಸರ್ವೇಯರ್ ನೋಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒಗೂ ವಿಮೆ ಕಂಪನಿಗೂ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಪ್ರಶ್ನೆ: ಬಾಕ್ಸ್ ಬದಲಾದ ಮೇಲೆ ರಿವರ್ಸ್ ಹಾಕುವಾಗ ಕರಕರ ಸದ್ದು.

ಉತ್ತರ: ಕ್ಲಚ್ ಪೆಡಲನ್ನು ನಾಲ್ಕೈದು ಸಲ ಪಂಪ್ ಮಾಡಿ ರಿವರ್ಸ್ ಹಾಕಿ ನೋಡಿ. ಸದ್ದು ಕಡಿಮೆಯಾದರೆ ಕ್ಲಚ್ ಲೈನಿನಲ್ಲಿ ಗಾಳಿ ಇರಬಹುದು, ಆ ಗಾಳಿ ತೆಗೆಸಿ (ಬ್ಲೀಡ್ ಮಾಡಿಸಿ). ಆಗದಿದ್ದರೆ ಬಾಕ್ಸ್ ಇಳಿಸಬೇಕಾದೀತು. ಕ್ಲಚ್ ಪ್ಲೇಟ್ ಹಿಂದುಮುಂದಾಗಿ ಕೂತಿರಬಹುದು.